ಕೆಂಪು ಚುಕ್ಕೆಯ ಬೆಲೆ ಎಷ್ಟು? ಲೈಕಾ ಕಾಂಪ್ಯಾಕ್ಟ್ ಮತ್ತು ಅದರ ಅವಳಿ ಕ್ಯಾಮೆರಾ

(ತೆರೆಯ ಮೇಲೆ: ಎರಡು ಕಪ್ಪು ಕ್ಯಾಮೆರಾಗಳು ಪಕ್ಕಪಕ್ಕ. ಒಂದರ ಮುಖದ ಮೇಲೆ ಕೆಂಪು ಲೋಗೋ.)

ನಮಸ್ಕಾರ. ಈ ಎರಡು ಕ್ಯಾಮೆರಾಗಳನ್ನು ಸರಿಯಾಗಿ ನೋಡಿ. ಎಡಗಡೆ ಇರುವುದು ಪ್ಯಾನಾಸಾನಿಕ್ ಎಲ್‌ಎಕ್ಸ್100 ಮಾರ್ಕ್ 2. ಬಲಗಡೆ, ಕೆಂಪು ಚುಕ್ಕೆ ಇರುವುದು, ಜರ್ಮನಿಯ ಲೈಕಾ ಕಂಪನಿಯ ಡಿ-ಲಕ್ಸ್ 7. ಎರಡೂ 2018ರಲ್ಲಿ ಬಂದವು. ಅಮೆರಿಕದಲ್ಲಿ ಮೊದಲನೆಯದರ ಬಿಡುಗಡೆ ಬೆಲೆ 1000 ಡಾಲರ್. ಎರಡನೆಯದು 1195. ಒಳಗೆ ಬೆಳಕನ್ನು ಚಿತ್ರವಾಗಿಸುವ ಸೆನ್ಸರ್ ಒಂದೇ, ಲೆನ್ಸ್ ಒಂದೇ. ಹಾಗಾದರೆ ಆ 195 ಡಾಲರ್ ಯಾವುದಕ್ಕೆ?

ನಿಮ್ಮಲ್ಲಿ ತುಂಬಾ ಜನ ಕೇಳುತ್ತಲೇ ಇದ್ದೀರಿ: ದೊಡ್ಡ ಹೆಸರಿನ ಚಿಕ್ಕ ಕ್ಯಾಮೆರಾಗೆ ಜಾಸ್ತಿ ದುಡ್ಡು ಕೊಡಬಹುದಾ ಅಂತ. ಇವತ್ತು ಅದನ್ನೇ ನೋಡೋಣ. ಬೆಲೆ ಹೇಳುವಾಗ ಅಮೆರಿಕದ ಬಿಡುಗಡೆ ಬೆಲೆಯನ್ನೇ ಹೇಳುತ್ತೇನೆ. ನಮ್ಮಲ್ಲಿ ತೆರಿಗೆ, ಆಮದು ಖರ್ಚು ಸೇರಿ ಲೆಕ್ಕ ಏರುಪೇರಾಗುತ್ತದೆ, ಹೋಲಿಕೆ ನೇರವಾಗಿ ಸಿಗುವುದಿಲ್ಲ.

ಮೂಲ ವಿಷಯ ಬೇಗ ಮುಗಿಸುತ್ತೇನೆ. ಕಾಂಪ್ಯಾಕ್ಟ್ ಅಂದರೆ ಲೆನ್ಸ್ ಬದಲಾಯಿಸಲು ಆಗದ, ಜೇಬಿಗೋ ಸಣ್ಣ ಚೀಲಕ್ಕೋ ಹೊಂದುವ ಕ್ಯಾಮೆರಾ. ಈ ಎರಡರಲ್ಲೂ ಇರುವುದು ಮೈಕ್ರೋ ಫೋರ್ ಥರ್ಡ್ಸ್ ಸೆನ್ಸರ್, ಫೋನಿನ ಸೆನ್ಸರ್‌ಗಿಂತ ಸಾಕಷ್ಟು ದೊಡ್ಡದು. 17 ಮೆಗಾಪಿಕ್ಸೆಲ್. ಝೂಮ್ 35 ಮಿಲಿಮೀಟರ್ ಫಿಲ್ಮ್ ಕ್ಯಾಮೆರಾದ ಲೆಕ್ಕದಲ್ಲಿ 24ರಿಂದ 75 ಮಿಲಿಮೀಟರ್‌ಗೆ ಸಮ. ಅಪರ್ಚರ್, ಅಂದರೆ ಲೆನ್ಸಿನಲ್ಲಿ ಬೆಳಕು ಒಳಬರುವ ಕಿಂಡಿ, ಎಫ್ 1.7ರಿಂದ 2.8. ಇಷ್ಟು ಸಾಕು, ಮುಂದೆ ಹೋಗೋಣ.

(ತೆರೆಯ ಮೇಲೆ: ಪ್ಯಾನಾಸಾನಿಕ್ ಲೆನ್ಸಿನ ಅಂಚು, ತೀರಾ ಹತ್ತಿರದಿಂದ.)

ಈಗ ಪ್ಯಾನಾಸಾನಿಕ್ ಲೆನ್ಸಿನ ಸುತ್ತ ಏನು ಬರೆದಿದೆ ಓದಿ. ಲೈಕಾ ಡಿಸಿ ವೇರಿಯೋ-ಸುಮ್ಮಿಲಕ್ಸ್. ಕಡಿಮೆ ಬೆಲೆಯ ಕ್ಯಾಮೆರಾದ ಮೇಲೂ ಲೈಕಾ ಹೆಸರೇ ಇದೆ! ಅಂದರೆ ಲೈಕಾ ಲೆನ್ಸ್ ಬೇಕು ಅಂತ ಯಾರೂ 195 ಡಾಲರ್ ಜಾಸ್ತಿ ಕೊಡಬೇಕಾಗಿಲ್ಲ. ಅದು 1000 ಡಾಲರಿನ ಕ್ಯಾಮೆರಾದಲ್ಲೇ ಸಿಗುತ್ತದೆ.

ಇದು ಗುಟ್ಟಾಗಿ ನಡೆದ ವ್ಯವಹಾರವೂ ಅಲ್ಲ. ಲೈಕಾ ಮತ್ತು ಪ್ಯಾನಾಸಾನಿಕ್ 2001ರ ಹೊತ್ತಿನಿಂದಲೇ ಜೊತೆಗಿವೆ. ಎಲ್‌ಎಕ್ಸ್3 ಬಂದಾಗ ಡಿ-ಲಕ್ಸ್ 4 ಬಂತು. ಎಲ್‌ಎಕ್ಸ್5ಕ್ಕೆ ಡಿ-ಲಕ್ಸ್ 5. ಎಲ್‌ಎಕ್ಸ್7ಕ್ಕೆ ಡಿ-ಲಕ್ಸ್ 6. ಇದಕ್ಕೂ ಹಿಂದೆ, 1973ರಲ್ಲಿ, ಲೈಕಾ ಸಿಎಲ್ ಅನ್ನೋ ಫಿಲ್ಮ್ ಕ್ಯಾಮೆರಾವನ್ನು ಜಪಾನಿನ ಮಿನೋಲ್ಟಾ ಜೊತೆ ಸೇರಿ ಮಾಡಿದ್ದರು. ಜಪಾನಿನಲ್ಲಿ ಅದು ಲೈಟ್ಸ್ ಮಿನೋಲ್ಟಾ ಸಿಎಲ್ ಅಂತ ಮಾರಾಟವಾಯಿತು. ಲೈಟ್ಸ್ ಅಂದರೆ ಆಗ ಲೈಕಾ ಮಾಡುತ್ತಿದ್ದ ಕಂಪನಿ. ಜರ್ಮನಿಯ ಹೆಸರು, ಜಪಾನಿನ ಕಾರ್ಖಾನೆ. 50 ವರ್ಷ ದಾಟಿದ ಪದ್ಧತಿ.

ಕಾರು ಕೊಳ್ಳುವವರಿಗೆ ಇದು ಹೊಸದಲ್ಲ. ಮಾರುತಿ ಬಲೆನೋ, ಟೊಯೋಟಾ ಗ್ಲಾನ್ಜಾ ನೆನಪಿಸಿಕೊಳ್ಳಿ. 2019ರಲ್ಲಿ ಗ್ಲಾನ್ಜಾ ಬಂದಾಗ ಅದು ಬಲೆನೋನೇ ಅಂತ ಎಲ್ಲರಿಗೂ ಗೊತ್ತಿತ್ತು. ಆದರೂ ತೆಗೆದುಕೊಂಡವರಿದ್ದಾರೆ, ಟೊಯೋಟಾ ಸರ್ವಿಸ್ ಮೇಲಿನ ನಂಬಿಕೆಯಿಂದ. ಅದು ನ್ಯಾಯವಾದ ಕಾರಣ. ಹಾಗೆಯೇ ಲೈಕಾಗೂ ನ್ಯಾಯವಾದ ಕಾರಣ ಇದೆಯಾ, ಹುಡುಕೋಣ.

ಹೊರಗಿನಿಂದ ಶುರು ಮಾಡೋಣ. ಪ್ಯಾನಾಸಾನಿಕ್‌ಗೆ ಮುಂದೆ ಬೆರಳು ಹಿಡಿಯಲು ಒಂದು ಉಬ್ಬು ಇದೆ. ಲೈಕಾ ಅದನ್ನು ತೆಗೆದು ಮುಖವನ್ನು ನಯವಾಗಿಸಿದೆ. ನೋಡಲು ಚೆಂದ, ಹಿಡಿಯಲು ಸ್ವಲ್ಪ ಜಾರು. ಮೆನುವಿನ ರೂಪ ಬೇರೆ. ರಾ ಫೈಲಿಗೆ, ಅಂದರೆ ಸೆನ್ಸರ್ ಕಂಡದ್ದನ್ನು ಸಂಸ್ಕರಿಸದೆ ಇಡುವ ಫೈಲಿಗೆ, ಪ್ಯಾನಾಸಾನಿಕ್‌ನಲ್ಲಿ ಆರ್‌ಡಬ್ಲ್ಯೂ2 ಅಂತ ಬಾಲ, ಲೈಕಾದಲ್ಲಿ ಆರ್‌ಡಬ್ಲ್ಯೂಎಲ್. ಕ್ಯಾಮೆರಾ ತಾನೇ ತಯಾರಿಸುವ ಜೆಪೆಗ್‌ನ ಬಣ್ಣದಲ್ಲೂ ಸಣ್ಣ ವ್ಯತ್ಯಾಸವಿದೆ. ಹಳೆಯ ಕೆಲವು ಡಿ-ಲಕ್ಸ್‌ಗಳ ಜೊತೆ ಫೋಟೋ ಎಡಿಟ್ ಮಾಡುವ ಲೈಟ್‌ರೂಮ್ ಸಾಫ್ಟ್‌ವೇರ್ ಉಚಿತವಾಗಿ ಬರುತ್ತಿತ್ತು. ಆಗ ಬೆಲೆಯ ಅಂತರದಲ್ಲಿ ಒಂದು ಪಾಲು ಅಲ್ಲೇ ವಾಪಸ್ ಸಿಗುತ್ತಿತ್ತು.

'ಲೈಕಾ ಲುಕ್' ಅಂತ ಒಂದು ಮಾತಿದೆ, ಲೈಕಾದಲ್ಲಿ ತೆಗೆದ ಫೋಟೋಗೆ ಬೇರೆಯದೇ ಕಳೆ ಇರುತ್ತದೆ ಅಂತ. ಡಿ-ಲಕ್ಸ್ 7ರ ವಿಷಯದಲ್ಲಿ ನಾನು ಅದನ್ನು ಒಪ್ಪುವುದಿಲ್ಲ. ಸೆನ್ಸರ್ ಒಂದೇ, ಗಾಜು ಒಂದೇ. ರಾದಲ್ಲಿ ತೆಗೆದು ಒಂದೇ ರೀತಿ ಎಡಿಟ್ ಮಾಡಿದ ಮೇಲೆ ಬೇರೆ ಚಿತ್ರ ಎಲ್ಲಿಂದ ಬರಬೇಕು? ಆದರೆ ಕೈಯಲ್ಲಿ ಹಿಡಿದಾಗ ಖುಷಿಯಾಗುವ ವಸ್ತುವನ್ನು ಮನೆಯಿಂದ ಹೊರಗೆ ಜಾಸ್ತಿ ಒಯ್ಯುತ್ತೇವೆ, ಜಾಸ್ತಿ ಫೋಟೋ ತೆಗೆಯುತ್ತೇವೆ. ಆ ಖುಷಿಗಾಗಿ 195 ಡಾಲರ್ ಕೊಟ್ಟವರನ್ನು ದಡ್ಡರು ಅನ್ನುವುದು ತಪ್ಪು. ಒಳ್ಳೆಯ ಫೋಟೋ ಬರುತ್ತದೆ ಅಂತ ಕೊಡಬೇಡಿ, ಅಷ್ಟೇ.

(ತೆರೆಯ ಮೇಲೆ: ಚಂದ್ರನ ನೆಲ, ಗಗನಯಾತ್ರಿಯ ಎದೆಯ ಮೇಲೆ ಕ್ಯಾಮೆರಾ.)

ಇಲ್ಲಿ ಒಂದು ಕಥೆ ಹೇಳಲೇಬೇಕು. ಇದು ಲೈಕಾದ್ದಲ್ಲ, ಸ್ವೀಡನ್ನಿನ ಹ್ಯಾಸಲ್‌ಬ್ಲಾಡ್ ಕಂಪನಿಯದ್ದು. ಸ್ವಲ್ಪ ಹೊತ್ತು ಇಲ್ಲೇ ನಿಲ್ಲುತ್ತೇನೆ, ಏಕೆಂದರೆ ಹೆಸರಿಗೆ ಬೆಲೆ ಕಟ್ಟುವುದು ಎಲ್ಲಿಯವರೆಗೆ ಹೋಗಬಹುದು ಅಂತ ಇದರಷ್ಟು ಚೆನ್ನಾಗಿ ತೋರಿಸುವ ಉದಾಹರಣೆ ಬೇರೆ ಇಲ್ಲ.

1969ರಲ್ಲಿ ಅಪೊಲೊ 11 ಚಂದ್ರನ ಮೇಲೆ ಇಳಿದಾಗ ಅಲ್ಲಿ ಫೋಟೋ ತೆಗೆದದ್ದು ಹ್ಯಾಸಲ್‌ಬ್ಲಾಡ್ ಕ್ಯಾಮೆರಾ. ವಾಪಸ್ ಬರುವಾಗ ಭಾರ ಉಳಿಸಲು ಫಿಲ್ಮ್ ಇದ್ದ ಡಬ್ಬಿ, ಅಂದರೆ ಮ್ಯಾಗಜೀನ್, ಮಾತ್ರ ತಂದರು. ಕ್ಯಾಮೆರಾ ಬಾಡಿಯನ್ನು ಚಂದ್ರನ ಮೇಲೇ ಬಿಟ್ಟು ಬಂದರು. ಅಂಥ ಹೆಸರು ಅದು. ದುಡ್ಡು ಸುರಿದು ಜಾಹೀರಾತು ಕೊಟ್ಟರೂ ಸಿಗದ ಹೆಸರು.

2012ರಲ್ಲಿ ಜರ್ಮನಿಯ ಕಲೋನ್ ನಗರದ ಫೋಟೋಕಿನಾ ಮೇಳದಲ್ಲಿ ಈ ಕಂಪನಿ ಒಂದು ಹೊಸ ಕ್ಯಾಮೆರಾ ತೋರಿಸಿತು. ಹೆಸರು ಲೂನಾರ್. ಚಂದ್ರನ ನೆನಪು ಬರಲಿ ಅಂತಲೇ ಇಟ್ಟ ಹೆಸರು. ವಿನ್ಯಾಸ ಇಟಲಿಯಲ್ಲಿ. ಹಿಡಿಕೆಗೆ ಮರ, ಚರ್ಮ, ಕಾರ್ಬನ್ ಫೈಬರ್, ಯಾವುದು ಬೇಕೋ ಅದು. ಬೆಲೆ ಸುಮಾರು 5000 ಯೂರೋ ಅಂತ ಹೇಳಿದರು.

ಒಳಗೆ ಏನಿತ್ತು? ಸೋನಿ ನೆಕ್ಸ್-7. ಅದೇ 24 ಮೆಗಾಪಿಕ್ಸೆಲ್ ಸೆನ್ಸರ್, ಲೆನ್ಸ್ ಸಿಕ್ಕಿಸುವ ಅದೇ ಸೋನಿ ಮೌಂಟ್. ಹಿಂದಿನ ವರ್ಷವೇ ಬಂದಿದ್ದ ಆ ಸೋನಿ ಬಾಡಿಯ ಬೆಲೆ ಸುಮಾರು 1200 ಡಾಲರ್. ಕ್ಯಾಮೆರಾ ಲೋಕ ಕೆಂಡವಾಯಿತು. ಸುಮ್ನೆ ಅಲ್ಲ. ಚಂದ್ರನ ಮೇಲೆ ಹೋದ ಕ್ಯಾಮೆರಾವನ್ನು ಅದೇ ಕಂಪನಿಯ ಎಂಜಿನಿಯರುಗಳು ಕೂತು ಮಾಡಿದ್ದರು, ಪ್ರತಿ ಸ್ಕ್ರೂಗೂ ಲೆಕ್ಕವಿತ್ತು. ಲೂನಾರ್‌ನಲ್ಲಿ ಅವರದ್ದು ಅಂತ ಇದ್ದದ್ದು ಮೇಲಿನ ಹೊದಿಕೆ. ಅದಕ್ಕೆ ಇದು ನನಗೆ ಇವತ್ತಿಗೂ ಸಿಟ್ಟು ತರಿಸುತ್ತದೆ. ಮುಂದಿನ ವರ್ಷ ಸ್ಟೆಲ್ಲರ್ ಬಂತು. ಅದು ಮರದ ಹಿಡಿಕೆ ಹಾಕಿದ ಸೋನಿ ಆರ್‌ಎಕ್ಸ್100, ಬೆಲೆ ಮೂಲದ ಎರಡು ಪಟ್ಟಿಗೂ ಜಾಸ್ತಿ. ಕೆಲವೇ ವರ್ಷಗಳಲ್ಲಿ ಕಂಪನಿ ಈ ದಾರಿಯನ್ನೇ ಬಿಟ್ಟಿತು. 2016ರಲ್ಲಿ ಎಕ್ಸ್1ಡಿ ಅನ್ನೋ ಕ್ಯಾಮೆರಾವನ್ನು ತಾನೇ ಮಾಡಿತು. ಅದು ದುಬಾರಿಯೇ, ಆದರೆ ಅದಕ್ಕೆ ಅವಳಿ ಇರಲಿಲ್ಲ.

ಅದಕ್ಕೇ ನಾನು ಹೇಳುವುದು: ಬ್ರ್ಯಾಂಡ್ ಕ್ಯಾಮೆರಾ ನೋಡಿದ ಕೂಡಲೇ ಅದಕ್ಕೆ ಅವಳಿ ಇದೆಯಾ ಹುಡುಕಿ. ಇದ್ದರೆ ಅಂತರ ಎಷ್ಟು, ಆ ಅಂತರದಲ್ಲಿ ಏನು ಬರುತ್ತದೆ, ಎರಡನ್ನೂ ಲೆಕ್ಕ ಹಾಕಿ. ಡಿ-ಲಕ್ಸ್ 7ರಲ್ಲಿ ಅಂತರ ಐದನೇ ಒಂದು ಭಾಗ. ಲೂನಾರ್‌ನಲ್ಲಿ ಹಲವು ಪಟ್ಟು. ಎರಡಕ್ಕೂ ಒಂದೇ ತೀರ್ಪು ಕೊಡಲು ಆಗುವುದಿಲ್ಲ.

ಅವಳಿ ಇಲ್ಲದ ಲೈಕಾ ಕಾಂಪ್ಯಾಕ್ಟ್ ಯಾವುದು? ಕ್ಯೂ ಸರಣಿ. ಮೊದಲನೆಯದು 2015ರಲ್ಲಿ ಬಂತು. 2023ರ ಕ್ಯೂ3ರ ಬಿಡುಗಡೆ ಬೆಲೆ 5995 ಡಾಲರ್. ಫುಲ್ ಫ್ರೇಮ್ ಸೆನ್ಸರ್, ಅಂದರೆ 35 ಮಿಲಿಮೀಟರ್ ಫಿಲ್ಮಿನ ಒಂದು ಚೌಕಟ್ಟಿನಷ್ಟು ದೊಡ್ಡದು, 60 ಮೆಗಾಪಿಕ್ಸೆಲ್, 28 ಮಿಲಿಮೀಟರ್ ಎಫ್ 1.7 ಲೆನ್ಸ್. ಧೂಳಿಗೂ ಹನಿ ನೀರಿಗೂ ಐಪಿ52 ರಕ್ಷಣೆ. ಲೆನ್ಸಿನ ಮೇಲಿನ ಮ್ಯಾಕ್ರೋ ರಿಂಗ್ ತಿರುಗಿಸಿದರೆ ದೂರದ ಅಳತೆಯ ಅಂಕಿಗಳೇ ಸರಿದು, ಅವುಗಳ ಜಾಗಕ್ಕೆ ಹತ್ತಿರದ ಅಳತೆಯ ಅಂಕಿಗಳು ಬರುತ್ತವೆ. ಇದನ್ನು ಯಾರೋ ಕೂತು ಯೋಚಿಸಿ ಮಾಡಿದ್ದಾರೆ, ಅಲ್ವಾ?

ಲೈಕಾ ಹುಟ್ಟಿದ್ದೇ ಇಂಥ ಯೋಚನೆಯಿಂದ. ಜರ್ಮನಿಯ ವೆಟ್ಸ್‌ಲಾರ್ ಊರಿನ ಲೈಟ್ಸ್ ಕಂಪನಿಯಲ್ಲಿ ಆಸ್ಕರ್ ಬಾರ್ನಾಕ್ ಅನ್ನೋ ಎಂಜಿನಿಯರ್ ಇದ್ದರು. ಅವರಿಗೆ ಆಸ್ತಮಾ. ಭಾರದ ಪ್ಲೇಟ್ ಕ್ಯಾಮೆರಾ ಹೊತ್ತು ಗುಡ್ಡ ಹತ್ತಲು ಕಷ್ಟ. ಸಿನಿಮಾದ 35 ಮಿಲಿಮೀಟರ್ ಫಿಲ್ಮ್ ಹಾಕಿ ಅಂಗೈಯಲ್ಲಿ ಹಿಡಿಯುವ ಕ್ಯಾಮೆರಾ ಮಾಡಿದರು. 1925ರಲ್ಲಿ ಅದು ಮಾರುಕಟ್ಟೆಗೆ ಬಂತು. ಚಿಕ್ಕ ಕ್ಯಾಮೆರಾದಲ್ಲಿ ದೊಡ್ಡ ಚಿತ್ರ ಅನ್ನೋ ಆ ಆಸೆ ಕ್ಯೂನಲ್ಲಿ ಇನ್ನೂ ಇದೆ.

ಕ್ಯೂ3ರ ಹತ್ತಿರದ ಎದುರಾಳಿ 2025ರ ಸೋನಿ ಆರ್‌ಎಕ್ಸ್1ಆರ್ 3. ಸುಮಾರು 5100 ಡಾಲರ್, 61 ಮೆಗಾಪಿಕ್ಸೆಲ್, 35 ಮಿಲಿಮೀಟರ್ ಎಫ್ 2. ಅದರಲ್ಲಿ ಕೈ ನಡುಕ ತಡೆಯುವ ಸ್ಟೆಬಿಲೈಸೇಶನ್ ಇಲ್ಲ, ಹಿಂದಿನ ಪರದೆ ಓರೆಯಾಗುವುದಿಲ್ಲ. ಕ್ಯೂ3ರಲ್ಲಿ ಎರಡೂ ಇವೆ. ಇಲ್ಲಿ ಜಾಸ್ತಿ ಕೊಟ್ಟ ದುಡ್ಡು ಕ್ಯಾಮೆರಾದ ಒಳಗೆ ಹೋಗಿದೆ. ಅಷ್ಟು ದುಡ್ಡು ನಮ್ಮಲ್ಲಿ ಬಹಳ ಜನರ ಹತ್ತಿರ ಇರುವುದಿಲ್ಲ, ಅದು ಬೇರೆ ಮಾತು.

ಸಮಯ ಓಡುತ್ತಿದೆ, ಉಳಿದದ್ದನ್ನು ಒಟ್ಟಿಗೆ ಹೇಳಿಬಿಡುತ್ತೇನೆ. 2024ರಲ್ಲಿ ಡಿ-ಲಕ್ಸ್ 8 ಬಂತು, 1595 ಡಾಲರ್. ಲೆನ್ಸ್, ಸೆನ್ಸರ್ ಹಳೆಯವೇ. ಕಣ್ಣಿಟ್ಟು ನೋಡುವ ವ್ಯೂಫೈಂಡರ್ ಒಎಲ್‌ಇಡಿ ಆಯಿತು, ಮೆನು ಕ್ಯೂ3ರ ಹಾಗೆ ಸರಳವಾಯಿತು, ರಾ ಫೈಲ್ ಎಲ್ಲ ಸಾಫ್ಟ್‌ವೇರ್‌ಗೂ ಒಗ್ಗುವ ಡಿಎನ್‌ಜಿ ಆಯಿತು. ಅದೇ ವರ್ಷ 1599 ಡಾಲರಿಗೆ ಫ್ಯೂಜಿ ಎಕ್ಸ್100-6 ಬಂತು, ದೊಡ್ಡ ಸೆನ್ಸರ್, 40 ಮೆಗಾಪಿಕ್ಸೆಲ್. ಝೂಮ್ ಬೇಡ ಅನ್ನುವವರಿಗೆ ನಾನು ಫ್ಯೂಜಿ ಅನ್ನುತ್ತೇನೆ. ಫೋನಿನ ಮೇಲೆ ಲೈಕಾ, ಝೈಸ್, ಹ್ಯಾಸಲ್‌ಬ್ಲಾಡ್ ಹೆಸರು ನೋಡಿ ಮರುಳಾಗಬೇಡಿ, ಸೆನ್ಸರ್ ಅಳತೆ ನೋಡಿ. ವಿದೇಶದಲ್ಲಿರುವ ನೆಂಟರ ಕೈಲಿ ತರಿಸುವುದಾದರೆ ವಾರಂಟಿ ಭಾರತದಲ್ಲಿ ನಡೆಯುತ್ತದಾ ಅಂತ ಮೊದಲೇ ಕೇಳಿ.

ಝೂಮ್ ಬೇಕು, ದುಡ್ಡು ಕಡಿಮೆ ಅನ್ನುವವರು ಸೆಕೆಂಡ್ ಹ್ಯಾಂಡ್ ಎಲ್‌ಎಕ್ಸ್100 ಮಾರ್ಕ್ 2 ಹುಡುಕಿ. ಮಳೆ, ಧೂಳು ತಡೆಯುವ ಸೀಲಿಂಗ್ ಅದಕ್ಕೂ ಇಲ್ಲ, ಅವಳಿ ಲೈಕಾಗೂ ಇಲ್ಲ. ಹಾಗಾಗಿ ಕೊಳ್ಳುವ ಮೊದಲು ಅಪರ್ಚರ್ ಎಫ್ 16ಕ್ಕೆ ಇಟ್ಟು ಖಾಲಿ ಆಕಾಶದ ಒಂದು ಫೋಟೋ ತೆಗೆಯಿರಿ. ಪರದೆಯ ಮೇಲೆ ಪೂರ್ತಿ ದೊಡ್ಡದು ಮಾಡಿ ಮೂಲೆಮೂಲೆ ನೋಡಿ. ಬೂದು ಕಲೆ ಕಂಡರೆ ಒಳಗೆ ಧೂಳು ಸೇರಿದೆ. ಲೆನ್ಸ್ ಕಳಚಲು ಬರುವುದಿಲ್ಲ, ಕ್ಯಾಮೆರಾವನ್ನೇ ಬಿಚ್ಚಿಸಿ ಒರೆಸಬೇಕು. ಆ ಖರ್ಚನ್ನು ಬೆಲೆಯಲ್ಲಿ ಕಳೆದುಕೊಟ್ಟರೆ ತೆಗೆದುಕೊಳ್ಳಿ, ಇಲ್ಲವಾದರೆ ಬೇರೆ ನೋಡಿ.