ಮಿರ್ಚಿ ಮಂಡಕ್ಕಿ ಯಾವ ಲೆಕ್ಕಕ್ಕೆ ಹೋಗುತ್ತೆ?

ನಮಸ್ಕಾರ ಎಲ್ಲರಿಗೂ. ದಾವಣಗೆರೆಯ ಒಂದು ಕಿರಾಣಿ ಅಂಗಡಿಯಲ್ಲಿ ಒಬ್ಬ ಅಕ್ಕ ತಿಂಗಳ ಸಾಮಾನಿನ ಚೀಟಿ ತೋರಿಸಿ ಕೇಳಿದರು: "ದಿನಸಿ ಬಿಲ್ ವರ್ಷ ವರ್ಷ ಏರ್ತಾನೇ ಐತಿ, ಹಂಗಾದ್ರೆ ನಾವು ಬಡವರಾಗ್ತಾ ಇದೀವಾ?" ಆ ಪ್ರಶ್ನೆ ತಲೆಯಿಂದ ಹೋಗಲೇ ಇಲ್ಲ.

ಬಿಲ್ಲಿನ ಮೊತ್ತ ಒಂದನ್ನೇ ನೋಡಿದರೆ ಉತ್ತರ ಸಿಗಲ್ಲ. ಮನೆಯ ಒಟ್ಟು ಖರ್ಚಿನಲ್ಲಿ ಊಟದ ಪಾಲು ಎಷ್ಟು, ಅದನ್ನು ನೋಡಬೇಕು. ಒಟ್ಟು 20 ಸಾವಿರ ಖರ್ಚು ಮಾಡುವ ಮನೆಯಲ್ಲಿ ಊಟಕ್ಕೆ 10 ಸಾವಿರ ಅಂದರೆ ಅರ್ಧಕ್ಕರ್ಧ. ಒಟ್ಟು ಖರ್ಚು 30 ಸಾವಿರ ಆಗಿ, ಊಟಕ್ಕೆ 12 ಸಾವಿರ ಹೋದರೆ ಬಿಲ್ ಏರಿದೆ, ಪಾಲು ಮಾತ್ರ ಶೇ. 40ಕ್ಕೆ ಇಳಿದಿದೆ. ಬಡ ಮನೆಯಲ್ಲಿ ಈ ಪಾಲು ಜಾಸ್ತಿ ಅಂತ ಜರ್ಮನಿಯ ಸಂಖ್ಯಾಶಾಸ್ತ್ರಜ್ಞ ಅರ್ನ್ಸ್ಟ್ ಎಂಗೆಲ್ 1857ರಲ್ಲೇ ಬೆಲ್ಜಿಯಂ ಕಾರ್ಮಿಕರ ಮನೆಗಳ ಲೆಕ್ಕ ನೋಡಿ ಹೇಳಿದ್ದರು.

(ಪರದೆ ಮೇಲೆ: 59.40 → 52.90 → 46.38 → 47.04)

ಇದು ಭಾರತದ ಹಳ್ಳಿಗಳ ಲೆಕ್ಕ, ಮನೆ ಮನೆಗೆ ಹೋಗಿ ಖರ್ಚು ಕೇಳುವ ಕೇಂದ್ರ ಸರ್ಕಾರದ ಸಮೀಕ್ಷೆಯದ್ದು. 1999-2000ರಲ್ಲಿ ನೂರು ರೂಪಾಯಿ ಖರ್ಚಿನಲ್ಲಿ 59 ರೂಪಾಯಿಗೂ ಜಾಸ್ತಿ ಊಟಕ್ಕೇ ಹೋಗುತ್ತಿತ್ತು. 2011-12ರಲ್ಲಿ 53ರ ಹತ್ತಿರ. 2022-23ರಲ್ಲಿ 46 ಚಿಲ್ಲರೆ, ಮರುವರ್ಷ ಸ್ವಲ್ಪ ಏರಿ 47. ಅಕ್ಕಿ, ಜೋಳ, ಗೋಧಿಯಂಥ ಧಾನ್ಯದ ಪಾಲಂತೂ 22ರಿಂದ 5ಕ್ಕೆ ಇಳಿದಿದೆ. ಆದರೆ ರೇಷನ್ನಿನಲ್ಲಿ ಪುಕ್ಕಟೆ ಬಂದ ಅಕ್ಕಿ ಈ ಲೆಕ್ಕದಲ್ಲಿಲ್ಲ, ಅದಕ್ಕೆ ಬೆಲೆ ಕಟ್ಟಿ ಬೇರೆ ಲೆಕ್ಕವನ್ನೂ ಕೊಡುತ್ತಾರೆ. ಅಂದರೆ ಅನ್ನಭಾಗ್ಯದ ಅಕ್ಕಿ ಉಣ್ಣುವ ಮನೆಯಲ್ಲಿ ಅನ್ನ ಕಡಿಮೆ ಆಗಿಲ್ಲ, ಅಕ್ಕಿಗೆ ಕೊಡುವ ದುಡ್ಡು ಕಡಿಮೆ ಆಗಿದೆ.

ಈಗ ನನಗೆ ತುಂಬಾ ಇಷ್ಟವಾದ ವಿಷಯಕ್ಕೆ ಬರ್ತೀನಿ. ಮಂಡಕ್ಕಿ!

ನೀವು ಭಟ್ಟಿಯಿಂದ ಮಂಡಕ್ಕಿ ತಂದು ಮನೆಯಲ್ಲಿ ಒಗ್ಗರಣೆ ಹಾಕಿ, ಜೊತೆಗೆ ನಾಲ್ಕು ಮಿರ್ಚಿ ಕರಿದಿರಿ ಅಂದುಕೊಳ್ಳಿ. ಸಮೀಕ್ಷೆಯವರು ಬಂದು ಕೇಳಿದಾಗ ಆ ಒಂದು ತಟ್ಟೆ ಚೂರು ಚೂರಾಗುತ್ತೆ. ಮಂಡಕ್ಕಿ ಧಾನ್ಯದ ಸಾಲಿಗೆ. ಕಡ್ಲೆಹಿಟ್ಟು ಬೇಳೆಕಾಳಿನ ಸಾಲಿಗೆ. ಎಣ್ಣೆ ಎಣ್ಣೆಗೆ, ಈರುಳ್ಳಿ ತರಕಾರಿಗೆ. ಕೇಳುವ ಅವಧಿಯೂ ಬೇರೆ: ಧಾನ್ಯ, ಬೇಳೆ ಆದರೆ ಹಿಂದಿನ 30 ದಿನದ್ದು, ಎಣ್ಣೆ, ತರಕಾರಿ ಆದರೆ 7 ದಿನದ್ದು. ಹೋದ ವಾರದ ಎಣ್ಣೆ ನೆನಪಿರುತ್ತೆ, ಹೋದ ತಿಂಗಳದ್ದು ಯಾರಿಗೆ ನೆನಪಿರುತ್ತೆ, ಅಲ್ವಾ?

ಅದೇ ಮಂಡಕ್ಕಿ, ಅದೇ ಮಿರ್ಚಿ, ಸಂಜೆ ಗಾಡಿ ಮುಂದೆ ನಿಂತು ತಿಂದರೆ? ಅಷ್ಟೂ ಒಟ್ಟಿಗೆ ಪಾನೀಯ ಮತ್ತು ಸಿದ್ಧ ಆಹಾರದ ಸಾಲಿಗೆ! ಹೋಟೆಲಿನ ಬೆಣ್ಣೆದೋಸೆಯೂ ಅಲ್ಲಿಗೇ. 2023-24ರಲ್ಲಿ ಆ ಸಾಲು ಹಳ್ಳಿಗಳಲ್ಲಿ ಮನೆಯ ಒಟ್ಟು ಖರ್ಚಿನ ಶೇ. 9.84, ಪಟ್ಟಣಗಳಲ್ಲಿ 11.09. ಊಟದ ಖರ್ಚಿನೊಳಗೆ ಎಲ್ಲಕ್ಕಿಂತ ದೊಡ್ಡ ಪಾಲು ಇದೇ, ಹಾಲಿಗಿಂತಲೂ ಜಾಸ್ತಿ.

ಇದನ್ನು ನೋಡಿ ಜನ ಶ್ರೀಮಂತರಾದರು ಅಂತ ಸುಮ್ನೆ ಹೇಳಿಬಿಡೋದು ನನಗೆ ಸರಿ ಕಾಣಲ್ಲ. ಗಂಡ ಹೆಂಡತಿ ಇಬ್ಬರೂ ದುಡಿದು ರಾತ್ರಿ ಎಂಟಕ್ಕೆ ಮನೆ ಸೇರಿದರೆ ಒಲೆ ಹಚ್ಚೋಕೆ ಯಾರಿಗೆ ಶಕ್ತಿ ಇರುತ್ತೆ? ಓದೋಕೆ ಬಂದು ರೂಮ್ ಮಾಡಿಕೊಂಡ ಹುಡುಗರಿಗೆ ಖಾನಾವಳಿಯೇ ಗತಿ. ಆ ಸಾಲಿನಲ್ಲಿ ಆಸೆಯ ತಿಂಡಿಯೂ ಇದೆ, ದಣಿವೂ ಇದೆ. ಅಂಕಿ ಎರಡನ್ನೂ ಬೇರೆ ಮಾಡಲ್ಲ.

ಟೈಮ್ ಆಗ್ತಾ ಬಂತು, ಉಳಿದದ್ದು ಬೇಗ ಹೇಳ್ತೀನಿ. 2023-24ರಲ್ಲಿ ಕರ್ನಾಟಕದಲ್ಲಿ ಒಬ್ಬರ ತಿಂಗಳ ಒಟ್ಟು ಖರ್ಚು ಹಳ್ಳಿಗಳಲ್ಲಿ ಸರಾಸರಿ 4,903 ರೂಪಾಯಿ, ಪಟ್ಟಣಗಳಲ್ಲಿ 8,076. ಈ ಪಟ್ಟಣದ ಸರಾಸರಿಯಲ್ಲಿ ಬೆಂಗಳೂರಿನ ಅಪಾರ್ಟ್‌ಮೆಂಟೂ ದಾವಣಗೆರೆಯ ಗಲ್ಲಿಯೂ ಒಂದೇ ಪಾತ್ರೆಯಲ್ಲಿ ಬೆಂದಿವೆ, ಹಾಗಾಗಿ ಅದನ್ನು ನಮ್ಮೂರಿನ ಲೆಕ್ಕ ಅಂದುಕೊಳ್ಳಬೇಡಿ. ಬೆಲೆ ಏರಿಕೆ ಅಳೆಯೋದಕ್ಕೂ ಇದೇ ಸಮೀಕ್ಷೆ ಬೇಕು. 2012ನ್ನು ಆಧಾರ ವರ್ಷ ಮಾಡಿಕೊಂಡ ಬೆಲೆ ಸೂಚ್ಯಂಕದಲ್ಲಿ ಆಹಾರ ಮತ್ತು ಪಾನೀಯಕ್ಕೆ 45.86ರ ತೂಕ, ಅಂದರೆ ನೂರರಲ್ಲಿ ಅಷ್ಟು ಪಾಲು, ಸಿಕ್ಕಿದ್ದು 2011-12ರ ಸಮೀಕ್ಷೆಯಿಂದ.

ಅಕ್ಕಾ, ಈಗ ನಿಮ್ಮ ಪ್ರಶ್ನೆಗೆ. ಚೀಟಿಯ ಹಿಂದೆ ಇನ್ನೂ ನಾಲ್ಕು ಸಾಲು ಬರೆದಿಡಿ: ಬಾಡಿಗೆ, ಮಕ್ಕಳ ಫೀಸು, ಔಷಧಿ, ಪೆಟ್ರೋಲು. ಹೊರಗೆ ತಿಂದ ಮಂಡಕ್ಕಿ, ದೋಸೆಯನ್ನು ಊಟದ ಕಡೆಗೇ ಸೇರಿಸಿ. ಮೂರು ತಿಂಗಳು ಹೀಗೆ ಬರೆದಿಟ್ಟು ಕಳಿಸಿ, ನಿಮ್ಮ ಹೆಸರು ಹೇಳದೆ ಇಲ್ಲೇ ಕೂತು ಪಾಲು ಲೆಕ್ಕ ಹಾಕೋಣ.