ಮೇಲೂ ಕಸಿ, ಕೆಳಗೂ ಕಸಿ

ಎಲ್ಲರಿಗೂ ನಮಸ್ಕಾರ.

ಚಿಕ್ಕಮಗಳೂರಿನವರಿಗೆ ಕತ್ತರಿ ಹಿಡಿಯುವುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಕೊಯ್ಲು ಮುಗಿದರೆ ಕಾಫಿ ಗಿಡ ಕಸಿ, ಮಳೆಗೆ ಮುಂಚೆ ನೆರಳಿನ ಮರ ಕಸಿ. ಕಸಿ ಅಂದರೆ ನಮ್ಮಲ್ಲಿ ರೆಂಬೆ ಕತ್ತರಿಸುವುದು. ಅದೇ ಕೈಗೆ ಜಗಲಿಯ ಕುಂಡ ಕೊಟ್ಟು ಬೇರು ಕತ್ತರಿಸಿ ಅಂದರೆ ಮಾತ್ರ ಹಿಂಜರಿಯುತ್ತದೆ. ಬೇರಿಗೇ ಕತ್ತಿ ಹಾಕಿದರೆ ಗಿಡ ಉಳಿಯುತ್ತದೆಯೇ ಎಂಬ ಭಯ.

ಕಾಫಿ ಸಸಿ ನೆಡುವಾಗ ಏನು ಮಾಡುತ್ತೀರಿ? ಕವರಿನ ತಳವನ್ನು ಸುಮಾರು ಒಂದಿಂಚು ಮಣ್ಣಿನ ಸಮೇತ ಕೊಯ್ದು ಎಸೆಯುತ್ತೀರಿ. ಸುರುಳಿ ಸುತ್ತಿದ ಬೇರು ಇರುವುದು ಅಲ್ಲೇ. ಹಾಗೇ ನೆಟ್ಟರೆ ತಾಯಿಬೇರು ನೆಟ್ಟಗೆ ಆಳಕ್ಕಿಳಿಯುವುದಿಲ್ಲ.

ಕುಂಡದಲ್ಲೂ ಇದೇ ಕಥೆ. ಗೋಡೆಗೆ ತಾಗಿದ ಬೇರು ದಾರಿ ಕಾಣದೆ ಸುತ್ತುತ್ತದೆ. ಎರಡು ಮೂರು ವರ್ಷ ಕಳೆದರೆ ಒಳಗೆ ಮಣ್ಣಿಗಿಂತ ಬೇರೇ ಹೆಚ್ಚು. ಹೊಯ್ದ ನೀರು ಅಂಚಿನಲ್ಲೇ ಹರಿದು ತಳದ ತೂತಿನಿಂದ ಆಚೆ ಬರುತ್ತದೆ, ಬೆಳಿಗ್ಗೆ ನೀರು ಕುಡಿದ ಗಿಡ ಸಂಜೆಗೆ ಬಾಡಿರುತ್ತದೆ. ನಾವು ಸಾರ ಸಾಲದೆಂದು ಗೊಬ್ಬರ ಸುರಿಯುತ್ತೇವೆ, ಪಾಪ, ಅದಕ್ಕೆ ಬೇಕಾದದ್ದು ಜಾಗ.

ನೀರು ಹೀರುವುದು ದಪ್ಪ ಬೇರಲ್ಲ, ಕೂದಲಿನಂಥ ಎಳೆ ಬೇರುಗಳು. ತಲೆ ಚಿವುಟಿದ ಗಿಡ ಪಕ್ಕಕ್ಕೆ ಕವಲೊಡೆಯುವ ಹಾಗೆ, ತುದಿ ಕತ್ತರಿಸಿದ ಬೇರೂ ಹಿಂದಿನಿಂದ ಎಳೆ ಬೇರು ಬಿಡುತ್ತದೆ. ಕತ್ತರಿಸುವುದು ಅದಕ್ಕೇ.

ಅಂಚಿನ ಸುತ್ತ ಚಾಕು ಆಡಿಸಿ ಗಿಡ ಎಬ್ಬಿಸಿ. ಹರಿತವಾದ, ಸ್ಪಿರಿಟ್‌ನಲ್ಲಿ ಒರೆಸಿದ ಚಾಕು ಇರಲಿ, ಮೊಂಡು ಚಾಕು ಬೇರನ್ನು ಜಜ್ಜುತ್ತದೆ. ಸುತ್ತಲಿಂದ ಒಂದಿಂಚು, ತಳದಿಂದ ಸ್ವಲ್ಪ ಹೆಚ್ಚು ತೆಗೆಯಿರಿ. ಕಪ್ಪಾಗಿ ಮೆತ್ತಗಾದದ್ದು ಪೂರ್ತಿ ಹೋಗಲಿ. ಆದರೆ ಒಟ್ಟು ಬೇರಿನ ಮೂರರಲ್ಲೊಂದು ಪಾಲು ದಾಟಬೇಡಿ. ಅದೇ ಕುಂಡಕ್ಕೆ ಹೊಸ ಕೆಮ್ಮಣ್ಣು, ಮರಳು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ತುಂಬಿ. ಪೊಳ್ಳು ಉಳಿಯದಂತೆ ಕಡ್ಡಿಯಿಂದ ಮಣ್ಣು ಇಳಿಸಿ, ತುಂಬ ನೀರು ಹೊಯ್ಯಿರಿ. ಬೇರು ಕಡಿಮೆಯಾದಷ್ಟು ರೆಂಬೆಯೂ ಇಳಿಯಲಿ, ಇಲ್ಲದಿದ್ದರೆ ಎಲೆ ಕೇಳುವ ನೀರನ್ನು ಒದಗಿಸಲು ಬೇರಿಗೆ ಆಗದು. ಎರಡು ವಾರ ನೆರಳು. ಹೊಸ ಚಿಗುರು ಕಾಣುವವರೆಗೆ ಮೇಲುಗೊಬ್ಬರ ಬೇಡವೇ ಬೇಡ.

ಕಾಲದ ಬಗ್ಗೆ ನನ್ನದೇ ತಪ್ಪು ಹೇಳುತ್ತೇನೆ. ಅಮ್ಮ ತವರಿಂದ ತಂದ ಕಡ್ಡಿಯಿಂದ ಬೆಳೆದ ದಾಸವಾಳಕ್ಕೆ ಆಷಾಢದ ಮಳೆಯಲ್ಲಿ ಕತ್ತರಿ ಹಾಕಿದೆ. ಮೂರೇ ವಾರದಲ್ಲಿ ಬುಡ ಕೊಳೆಯಿತು. ಇವತ್ತಿಗೂ ಆ ನೋವಿದೆ. ನಮ್ಮ ಮಲೆನಾಡಿನಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಮಣ್ಣು ಆರುವುದಿಲ್ಲ, ಬೇರಿನ ಗಾಯವೂ ಮಾಯುವುದಿಲ್ಲ. ಅಕ್ಟೋಬರ್‌ನಲ್ಲಿ ಮಳೆ ಹಿಂದೆ ಸರಿದ ಮೇಲೆ, ಇಲ್ಲವೇ ಹೂಮಳೆ, ಅಂದರೆ ಬೇಸಿಗೆಯಲ್ಲಿ ಕಾಫಿ ಹೂ ಅರಳಿಸುವ ಮಳೆ, ಬಿದ್ದು ಗಿಡ ಚಿಗುರುವ ಹೊತ್ತಿಗೆ ಮಾಡಿ.

ಎಲ್ಲ ಗಿಡಕ್ಕೂ ಇದು ಹೊಂದದು. ಪಾಮ್ ಜಾತಿಯವನ್ನು ಮುಟ್ಟಬೇಡಿ. ಅಂತೂರಿಯಂನಲ್ಲಿ ಕೊಳೆತ ಬೇರನ್ನಷ್ಟೇ ತೆಗೆಯಿರಿ. ಅಡೇನಿಯಂ ಕತ್ತರಿಸಿದರೆ ಗಾಯ ಒಣಗಲು ಮೂರು ನಾಲ್ಕು ದಿನ ನೆರಳಲ್ಲಿಟ್ಟು ಆಮೇಲೆ ನೆಡಿ.

ಈ ಮೇಜಿನ ಮೇಲೆ ನಾಲ್ಕು ವರ್ಷದಿಂದ ಕುಂಡ ಬದಲಿಸದ ನಂದಿಬಟ್ಟಲಿದೆ. ಈಗ ಎಬ್ಬಿಸುತ್ತೇನೆ. ಹಿಂದೆ ಕೂತವರು ಹತ್ತಿರ ಬನ್ನಿ, ಬೇರು ಹೇಗೆ ಸುತ್ತಿದೆ ಎಂದು ಕೈಯಲ್ಲಿ ಮುಟ್ಟಿ ನೋಡಬೇಕು.