ಹಿಮ್ಮಡಿಯ ನಾಲ್ಕು ಹನಿ ರಕ್ತ ಮತ್ತು ಬಾಣಂತನದ ಊರು

ಕೇಳುಗರಿಗೆ ನಮಸ್ಕಾರ.

ಹೆರಿಗೆಯಾದ ಎರಡನೆಯ ಅಥವಾ ಮೂರನೆಯ ದಿನ ಕೂಸಿನ ಹಿಮ್ಮಡಿಯನ್ನು ಸಣ್ಣದಾಗಿ ಚುಚ್ಚಿ, ನಾಲ್ಕೈದು ಹನಿ ರಕ್ತವನ್ನು ದಪ್ಪ ಫಿಲ್ಟರ್ ಪೇಪರಿನ ಕಾರ್ಡಿನ ಮೇಲೆ ತೆಗೆದುಕೊಳ್ಳುವ, ನವಜಾತ ಶಿಶುವಿನ ತಪಾಸಣೆ ಎಂಬ ಪರೀಕ್ಷೆಯೊಂದಿದೆ. ಹುಟ್ಟುವಾಗ ಗುಂಡುಗುಂಡಾಗಿ ಆರೋಗ್ಯವಾಗಿಯೇ ಕಾಣುವ, ಆದರೆ ಒಳಗೆ ಯಾವುದೋ ಹಾರ್ಮೋನು ಅಥವಾ ಕಿಣ್ವದ ಕೊರತೆಯಿರುವ ಕೂಸುಗಳನ್ನು ಲಕ್ಷಣ ಕಾಣಿಸಿಕೊಳ್ಳುವ ಮೊದಲೇ ಹುಡುಕುವುದು ಇದರ ಉದ್ದೇಶ. ಮುಂಬಯಿ, ಪುಣೆ, ಗೋವೆಯಲ್ಲಿ ನೆಲೆಸಿರುವ ಕನ್ನಡದ ಕುಟುಂಬಗಳಿಗೆ ಇದನ್ನು ಒತ್ತಿ ಹೇಳಲು ಎರಡು ಕಾರಣಗಳಿವೆ. ನಮ್ಮಲ್ಲಿ ಬಾಣಂತನಕ್ಕೆ ಊರಿಗೆ ಹೋಗುವ ರೂಢಿ ಇನ್ನೂ ಗಟ್ಟಿಯಾಗಿದೆ. ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವ ಪದ್ಧತಿಯೂ ಪೂರ್ತಿ ಹೋಗಿಲ್ಲ. ಎರಡೂ ಈ ಪರೀಕ್ಷೆಗೆ ನೇರವಾಗಿ ತಾಗುತ್ತವೆ.

ಅಮೆರಿಕದ ರಾಬರ್ಟ್ ಗಥ್ರಿ 1960ರ ದಶಕದ ಆರಂಭದಲ್ಲಿ ಫಿನೈಲ್‌ಕೀಟೋನೂರಿಯ ಎಂಬ, ಪ್ರೋಟೀನಿನ ಒಂದು ಅಂಶವನ್ನು ದೇಹ ಒಡೆಯಲಾಗದ ಕಾಯಿಲೆಗೆ ಒಣಗಿದ ರಕ್ತದ ಚುಕ್ಕೆಯಲ್ಲೇ ಪರೀಕ್ಷೆ ಮಾಡಬಹುದೆಂದು ತೋರಿಸಿದರು. ಅಲ್ಲಿಂದ ಇದು ಜಗತ್ತಿನಾದ್ಯಂತ ಹರಡಿತು. ನಮ್ಮ ದೇಶದಲ್ಲಿ ಪ್ರತಿ ಕೂಸಿಗೂ ಕಡ್ಡಾಯವಾದ ರಾಷ್ಟ್ರೀಯ ಕಾರ್ಯಕ್ರಮ ಇನ್ನೂ ಇಲ್ಲ. ಗೋವಾ ರಾಜ್ಯ 2008ರಲ್ಲೇ ಈ ಕೆಲಸಕ್ಕೆ ಕೈಹಾಕಿ ದಾರಿ ತೋರಿಸಿತು. ಮಕ್ಕಳ ಆರೋಗ್ಯ ತಪಾಸಣೆಯ ರಾಷ್ಟ್ರೀಯ ಕಾರ್ಯಕ್ರಮ 2013ರಲ್ಲಿ ಶುರುವಾದದ್ದು ಮುಂಬಯಿಗೆ ಹತ್ತಿರದ ಪಾಲ್ಘರ್‌ನಲ್ಲಿ. ಆದರೆ ಹುಟ್ಟಿನಿಂದಲೇ ಬರುವ ಥೈರಾಯ್ಡ್ ಕೊರತೆಯಂಥವು ಅದರಲ್ಲಿ ಐಚ್ಛಿಕ ಪಟ್ಟಿಯಲ್ಲಿವೆ. ಹಾಗಾಗಿ ಒಂದು ಆಸ್ಪತ್ರೆಯಲ್ಲಿ ಕೇಳದೆಯೇ ಮಾಡುತ್ತಾರೆ, ಇನ್ನೊಂದರಲ್ಲಿ ಕೇಳಿದರೆ ಮಾತ್ರ ಮಾಡುತ್ತಾರೆ. ನೀವೇ ಕೇಳಬೇಕು.

ಒಂದೇ ಒಂದು ಕಾಯಿಲೆಗೆ ಪರೀಕ್ಷೆ ಸಾಧ್ಯ ಎನ್ನುವುದಾದರೆ ಥೈರಾಯ್ಡಿಗೆ ಮಾಡಿಸಿ. ಮುಂಬಯಿಯೂ ಸೇರಿ ಐದು ನಗರಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಶಿಶುಗಳನ್ನು ನೋಡಿದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನದಲ್ಲಿ ಸುಮಾರು 1,100 ಶಿಶುಗಳಿಗೆ ಒಂದರಂತೆ ಈ ಕೊರತೆ ಕಂಡುಬಂತು. ಇಂಥ ಕೂಸು ಹೆಚ್ಚು ಅಳುವುದಿಲ್ಲ, ಯಾವಾಗಲೂ ನಿದ್ದೆ, ಮಲ ಗಟ್ಟಿ, ಕಾಮಾಲೆ ಬೇಗ ಇಳಿಯದು. ಮನೆಯವರು 'ಎಷ್ಟು ಸಾಧು ಕೂಸು, ರಾತ್ರಿಯೆಲ್ಲ ತೊಂದರೆನೇ ಕೊಡಲ್ಲ' ಎಂದು ಮೆಚ್ಚಿಕೊಳ್ಳುತ್ತಾರೆ. ಆ ವಾರಗಳಲ್ಲೇ ಮೆದುಳಿನ ಬೆಳವಣಿಗೆ ಹಿಂದೆ ಬೀಳುತ್ತಿರುತ್ತದೆ. ಎರಡು ವಾರದೊಳಗೆ ಮಾತ್ರೆ ಶುರುವಾದರೆ ಮಗು ಎಲ್ಲರಂತೆ ಬೆಳೆದು ಓದುತ್ತದೆ. ತಿಂಗಳುಗಟ್ಟಲೆ ತಡವಾದರೆ ಕಳೆದುಕೊಂಡ ಬುದ್ಧಿಶಕ್ತಿ ಆಮೇಲೆ ಎಷ್ಟು ಔಷಧ ಕೊಟ್ಟರೂ ಪೂರ್ತಿ ಮರಳುವುದಿಲ್ಲ.

ಈಗ ರಕ್ತ ತೆಗೆಯುವ ಕೆಲಸವನ್ನು ಹತ್ತಿರದಿಂದ ನೋಡೋಣ. ಫಲಿತಾಂಶ ಕೆಡುವುದು ಹೆಚ್ಚಾಗಿ ಇಲ್ಲೇ.

ಸರಿಯಾದ ಹೊತ್ತು ಹುಟ್ಟಿದ 48ರಿಂದ 72 ಗಂಟೆ. ಹುಟ್ಟಿದ ಮೊದಲ ದಿನ ಎಲ್ಲ ಕೂಸುಗಳಲ್ಲೂ ಥೈರಾಯ್ಡನ್ನು ಕೆಲಸಕ್ಕೆ ಹಚ್ಚುವ, ಅದು ಕುಂದಿದಾಗ ಏರುವ ಹಾರ್ಮೋನು ಟಿಎಸ್‌ಎಚ್ ಸಹಜವಾಗಿಯೇ ಏರುತ್ತದೆ. ಆಗ ತೆಗೆದರೆ ಆರೋಗ್ಯವಂತ ಕೂಸೂ ಅನುಮಾನದ ಪಟ್ಟಿಗೆ ಸೇರುತ್ತದೆ. ಪ್ರೋಟೀನಿನ ಅಂಶಗಳಾದ ಅಮೈನೋ ಆಮ್ಲಗಳನ್ನು ದೇಹ ಸರಿಯಾಗಿ ಬಳಸಲಾಗದ ಕಾಯಿಲೆಗಳದು ಇದಕ್ಕೆ ತಿರುಗುಮುರುಗು. ಹೊಟ್ಟೆಯಲ್ಲಿದ್ದಾಗ ತಾಯಿಯ ದೇಹ ವಿಷವಸ್ತುಗಳನ್ನು ಹೊರಹಾಕುತ್ತಿರುತ್ತದೆ. ಕೂಸು ಒಂದು ದಿನವಾದರೂ ಹಾಲು ಕುಡಿದ ಮೇಲಷ್ಟೇ ಅವು ರಕ್ತದಲ್ಲಿ ಸೇರತೊಡಗುತ್ತವೆ. ಬೇಗ ತೆಗೆದರೆ ಇಲ್ಲಿ ಕಾಯಿಲೆಯೇ ತಪ್ಪಿಸಿಕೊಳ್ಳುತ್ತದೆ. ಹೆರಿಗೆಯಾದ ಮರುದಿನವೇ ಮನೆಗೆ ಹೊರಡುವವರಿಗೆ ಹೊಕ್ಕುಳಬಳ್ಳಿಯ ರಕ್ತದಿಂದ ಟಿಎಸ್‌ಎಚ್ ನೋಡುವ ದಾರಿಯಿದೆ. ಥೈರಾಯ್ಡಿಗೆ ಅಷ್ಟು ಸಾಕು, ಅಮೈನೋ ಆಮ್ಲದಂಥ ಚಯಾಪಚಯದ ಕಾಯಿಲೆಗಳಿಗೆ ಅದು ಕೆಲಸಕ್ಕೆ ಬರುವುದಿಲ್ಲ. ಕೂಸಿಗೆ ರಕ್ತ ಕೊಡಬೇಕಾಗಿ ಬಂದರೆ, ಕೊಡುವ ಮೊದಲೇ ಕಾರ್ಡಿಗೆ ರಕ್ತ ತೆಗೆದಿಡಬೇಕು. ಇಲ್ಲವಾದರೆ ಪರೀಕ್ಷೆಗೆ ಹೋಗುವುದು ದಾನಿಯ ರಕ್ತ.

ಹಿಮ್ಮಡಿಯನ್ನು ಬೆಚ್ಚಗಿನ ಒದ್ದೆ ಬಟ್ಟೆಯಿಂದ ಮೂರರಿಂದ ಐದು ನಿಮಿಷ ಸುತ್ತಿಡಬೇಕು. ನೀರು 42 ಡಿಗ್ರಿ ಸೆಲ್ಸಿಯಸ್ ಮೀರಬಾರದು. ಪಾದವನ್ನು ಎದೆಮಟ್ಟಕ್ಕಿಂತ ಕೆಳಗೆ ಹಿಡಿದರೆ ರಕ್ತ ತಾನಾಗಿ ಇಳಿಯುತ್ತದೆ. 70 ಪ್ರತಿಶತದ ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ಪೂರ್ತಿ ಆರಲು ಬಿಡಬೇಕು. ಅಯೋಡಿನ್ ಇರುವ ಕಂದು ದ್ರಾವಣವನ್ನು ಹಿಮ್ಮಡಿಗೂ ಹಚ್ಚಬಾರದು, ಹೊಕ್ಕುಳಿಗೂ ಹಚ್ಚಬಾರದು, ಏಕೆಂದರೆ ಚರ್ಮದಿಂದ ಒಳಸೇರಿದ ಅಯೋಡಿನ್ ಕೂಸಿನ ಥೈರಾಯ್ಡನ್ನೇ ಕೆಲಕಾಲ ಕುಗ್ಗಿಸುತ್ತದೆ. ಚುಚ್ಚುವ ಜಾಗ ಹಿಮ್ಮಡಿಯ ಅಡಿಭಾಗದ ಎರಡು ಅಂಚುಗಳು. ಹಿಂಬದಿಯ ಉಬ್ಬಿಗೆ ಚುಚ್ಚಿದರೆ ಮೂಳೆಗೆ ತಾಗುವ ಭಯವಿದೆ. ಚುಚ್ಚುವ ಸಾಧನವಾದ ಲ್ಯಾನ್ಸೆಟ್ಟಿನ ಆಳ 2 ಮಿಲಿಮೀಟರ್ ದಾಟಬಾರದು. ಆ ಹೊತ್ತಿನಲ್ಲಿ ಕೂಸನ್ನು ಎದೆಗೆ ಹಾಕಿಕೊಂಡು ಹಾಲೂಡಿಸಿದರೆ ನೋವು ಕಡಿಮೆಯೆನಿಸುತ್ತದೆ. ಇದನ್ನು ತಾಯಂದಿರು ಸಂಕೋಚವಿಲ್ಲದೆ ಕೇಳಿ.

ಮೊದಲ ಹನಿಯನ್ನು ಒಣ ಹತ್ತಿಬಟ್ಟೆಯಿಂದ ಒರೆಸಿಬಿಡಬೇಕು. ಎರಡನೆಯ ಹನಿ ದೊಡ್ಡದಾಗುವ ತನಕ ಕಾದು, ಕಾಗದದಲ್ಲಿ ಗುರುತಿಸಿದ ವೃತ್ತಕ್ಕೆ ಒಂದು ಬದಿಯಿಂದ ಒಂದೇ ಬಾರಿ ತಾಗಿಸಬೇಕು; ರಕ್ತ ಹಿಂಬದಿಗೂ ಸಮನಾಗಿ ಇಳಿದಿರಬೇಕು. ರಕ್ತ ಸಾಲದೆ ಹಿಮ್ಮಡಿಯನ್ನು ಹಿಂಡಿದರೆ ಅಂಗಾಂಶದ ನೀರು ಸೇರಿ ರಕ್ತ ತೆಳುವಾಗುತ್ತದೆ. ಹನಿಯ ಮೇಲೆ ಹನಿ ಹಾಕಿದರೆ ಅದೇ ವೃತ್ತದಲ್ಲಿ ರಕ್ತ ಎರಡು ಪದರವಾಗಿ ಲೆಕ್ಕ ತಪ್ಪಾಗಿ ಏರುತ್ತದೆ. ಪ್ರಯೋಗಾಲಯ ಆ ಚುಕ್ಕೆಯಿಂದ ಕತ್ತರಿಸಿಕೊಳ್ಳುವುದು ಬರೀ 3.2 ಮಿಲಿಮೀಟರ್ ಅಗಲದ ಬಿಲ್ಲೆ. ಅದರಲ್ಲಿರುವುದು ಸುಮಾರು 3 ಮೈಕ್ರೋಲೀಟರ್ ರಕ್ತ. ಅಷ್ಟರಲ್ಲಿ ಆಗುವ ಏರುಪೇರೇ ವರದಿಯನ್ನು ತಿರುಗಿಸಿಬಿಡುತ್ತದೆ.

ಆಮೇಲೆ ಒಣಗಿಸುವುದು. ಕಾರ್ಡನ್ನು ಅಡ್ಡಲಾಗಿ ಮಲಗಿಸಿ, ಕೋಣೆಯ ಉಷ್ಣತೆಯಲ್ಲಿ, ಬಿಸಿಲು ತಾಗದಂತೆ ಕನಿಷ್ಠ ಮೂರು ಗಂಟೆ ಇಡಬೇಕು. ಕೊಂಕಣ ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಈ ಕೆಲಸ ಕಷ್ಟ. ಗೋಡೆಯೇ ಬೆವರುವ ಗಾಳಿಯಲ್ಲಿ ಮೂರು ಗಂಟೆಗೆ ಕಾರ್ಡ್ ಒಣಗುವುದಿಲ್ಲ. ಅವಸರಕ್ಕೆ ಹೀಟರ್ ಮುಂದೆ ಹಿಡಿದರೆ ಅಥವಾ ಅರೆಬರೆ ಒಣಗಿದ್ದನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿದರೆ ಕೆಂಪುರಕ್ತಕಣವನ್ನು ಕಾಯುವ ಜಿ6ಪಿಡಿ, ಬಯೋಟಿನ್ ಎಂಬ ಜೀವಸತ್ವವನ್ನು ದೇಹಕ್ಕೆ ಒದಗಿಸುವ ಬಯೋಟಿನಿಡೇಸ್, ಹಾಲಿನ ಸಕ್ಕರೆ ಒಗ್ಗದ ಗ್ಯಾಲಕ್ಟೋಸೀಮಿಯ ಕಾಯಿಲೆಗೆ ನೋಡುವ ಕಿಣ್ವ, ಈ ಮೂರು ಕಿಣ್ವಗಳೂ ಕುಂದುತ್ತವೆ. ಕೂಸಿಗೆ ಕಾಯಿಲೆ ಇಲ್ಲದಿದ್ದರೂ ಕೊರತೆಯಿದೆ ಎಂದು ವರದಿ ಬರುತ್ತದೆ. ತೇವ ಹೀರುವ ಪುಡಿಯ ಪೊಟ್ಟಣವಿಟ್ಟು, ಒಣಗಿದ 24 ಗಂಟೆಯೊಳಗೆ ಕಳಿಸುವುದು ಕ್ರಮ. ವಾರದ ಕಾರ್ಡುಗಳನ್ನೆಲ್ಲ ಒಟ್ಟುಮಾಡಿ ಶನಿವಾರ ಕಳಿಸುವ ಪದ್ಧತಿ ಎಲ್ಲಿದೆಯೋ ಅಲ್ಲಿ ಪರೀಕ್ಷೆಯ ಅರ್ಧ ಪ್ರಯೋಜನ ಹೋದಂತೆಯೇ.

ಯಾಕೆಂದರೆ ಕೆಲವು ಕಾಯಿಲೆಗಳು ಕಾಯುವುದಿಲ್ಲ. ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯ ಹುಟ್ಟುಕೊರತೆಯಲ್ಲಿ ದೇಹದ ಉಪ್ಪು ಸೋರಿಹೋಗುತ್ತದೆ. ಹೆಣ್ಣುಕೂಸಾದರೆ ಜನನಾಂಗದ ಬದಲಾವಣೆಯಿಂದ ವೈದ್ಯರಿಗೆ ಹುಟ್ಟುವಾಗಲೇ ಸುಳಿವು ಸಿಗುತ್ತದೆ. ಗಂಡುಕೂಸಿನಲ್ಲಿ ಹೊರಗೆ ಏನೂ ಕಾಣದು. ಎರಡನೆಯ ವಾರ ವಾಂತಿ, ತೂಕ ಇಳಿಕೆ, ನಿತ್ರಾಣ ಶುರುವಾಗುತ್ತದೆ, ವಾಂತಿಭೇದಿ ಅಥವಾ ಸೋಂಕು ಎಂದುಕೊಂಡು ಚಿಕಿತ್ಸೆ ನಡೆಯುತ್ತದೆ, ಕೂಸು ಕೈತಪ್ಪುತ್ತದೆ. 17-ಒಎಚ್‌ಪಿ ಎಂಬ, ಈ ಕೊರತೆಯಿದ್ದಾಗ ರಕ್ತದಲ್ಲಿ ಏರುವ ಹಾರ್ಮೋನಿನ ಪರೀಕ್ಷೆ ಇರುವುದು ಇದಕ್ಕೇ. ಹೈಡ್ರೋಕಾರ್ಟಿಸೋನಿನಂಥ ಹಾರ್ಮೋನು ಔಷಧ ಮತ್ತು ಉಪ್ಪು ಕೊಟ್ಟರೆ ಬದುಕುವ ಮಗು ಇದು. ತಿಂಗಳು ತುಂಬದೆ ಹುಟ್ಟಿದ ಕೂಸುಗಳಲ್ಲಿ ಈ ಅಂಕಿ ಸಹಜವಾಗಿಯೇ ಹೆಚ್ಚಿರುವುದರಿಂದ, ಕಾರ್ಡಿನಲ್ಲಿ ಜನನತೂಕ ಮತ್ತು ಎಷ್ಟನೇ ವಾರದಲ್ಲಿ ಹೆರಿಗೆಯಾಯಿತು ಎಂಬುದನ್ನು ತಪ್ಪಿಲ್ಲದೆ ಬರೆಯಬೇಕು.

ಇಲ್ಲಿಗೆ ಬಾಣಂತನದ ವಿಷಯ ಬಂತು. ಮುಂಬಯಿಯ ಘಾಟ್ಕೋಪರ್‌ನಲ್ಲೋ ಪುಣೆಯ ಹಡಪ್ಸರ್‌ನಲ್ಲೋ ಹೆರಿಗೆ, ಐದನೆಯ ದಿನ ಬಸ್ಸಿನಲ್ಲಿ ಕಲಬುರಗಿ ಅಥವಾ ವಿಜಯಪುರದ ತವರಿಗೆ ಪ್ರಯಾಣ. ಏಳನೆಯ ದಿನ ವರದಿ ಬರುತ್ತದೆ. ಆಸ್ಪತ್ರೆಯಲ್ಲಿ ಬರೆಸಿದ ನಂಬರು ಗಂಡನದು, ಅವರು ಕಟ್ಟಡದ ಕೆಲಸದಲ್ಲಿ ಮೇಲಿನ ಮಹಡಿಯಲ್ಲಿದ್ದಾರೆ, ಗೊತ್ತಿಲ್ಲದ ಲ್ಯಾಂಡ್‌ಲೈನ್ ನಂಬರೆಂದು ಫೋನು ಎತ್ತುವುದಿಲ್ಲ. ಮೂರು ತಿಂಗಳ ಬಳಿಕ ಬಾಣಂತಿ ಮರಳುವಾಗ ಕಾಗದ ಕೈಗೆ ಸಿಗುತ್ತದೆ. ತಪಾಸಣೆಯಲ್ಲಿ ಕೂಸುಗಳು ಕೈಜಾರುವ ಬಹುದೊಡ್ಡ ತೂತು ಇದೇ, ಮತ್ತು ಇದನ್ನು ಮುಚ್ಚುವುದು ಮನೆಯವರ ಕೈಯಲ್ಲೇ ಇದೆ. ರಕ್ತ ತೆಗೆಯುವಾಗ ಎರಡು ಫೋನ್ ನಂಬರ್ ಬರೆಸಿ: ಒಂದು ಗಂಡನದು, ಇನ್ನೊಂದು ತವರಿನಲ್ಲಿ ಬಾಣಂತನ ಮಾಡುವ ಅಜ್ಜಿಯದೋ ಮಾವನದೋ. ತವರೂರು, ತಾಲ್ಲೂಕು ಬರೆಸಿ. ಕಾರ್ಡಿನ ಸಂಖ್ಯೆಯನ್ನು ಫೋಟೋ ತೆಗೆದಿಟ್ಟುಕೊಳ್ಳಿ. 'ಏನೂ ತೊಂದರೆ ಇದ್ದರೆ ಅವರೇ ಹೇಳ್ತಾರೆ' ಎಂದು ಕೂರದೆ, ಹತ್ತು ದಿನದಲ್ಲಿ ವರದಿ ಬರದಿದ್ದರೆ ನೀವೇ ಫೋನ್ ಮಾಡಿ. ಹೆರಿಗೆಯೇ ತವರಿನಲ್ಲಿ ಆಗುವುದಾದರೆ ಅಲ್ಲಿನ ಆಸ್ಪತ್ರೆಯಲ್ಲಿ ಈ ಪರೀಕ್ಷೆ ಇದೆಯೇ ಎಂದು ಸೀಮಂತದ ಹೊತ್ತಿಗೇ ವಿಚಾರಿಸಿ.

ಕರೆ ಬಂದರೆ ಗಾಬರಿ ಬೇಡ, ತಡವೂ ಬೇಡ. ತಪಾಸಣೆಯಲ್ಲಿ ಪಾಸಿಟಿವ್ ಎಂದರೆ ಇನ್ನೊಂದು ಪರೀಕ್ಷೆ ಬೇಕು ಎಂದಷ್ಟೇ. ಲೆಕ್ಕ ಹೀಗಿದೆ: ಹತ್ತು ಸಾವಿರಕ್ಕೆ ಒಂದು ಕೂಸಿನಲ್ಲಿರುವ ಕಾಯಿಲೆಯೆಂದುಕೊಳ್ಳಿ, ಪರೀಕ್ಷೆ ಸಾವಿರಕ್ಕೆ ಒಮ್ಮೆ ಮಾತ್ರ ತಪ್ಪಾಗಿ ಪಾಸಿಟಿವ್ ಹೇಳುತ್ತದೆಂದುಕೊಳ್ಳಿ. ಹತ್ತು ಸಾವಿರ ಕೂಸುಗಳಲ್ಲಿ ಹನ್ನೊಂದು ಮನೆಗೆ ಕರೆ ಹೋಗುತ್ತದೆ, ಕಾಯಿಲೆ ಇರುವುದು ಒಂದು ಮನೆಯಲ್ಲಿ. ಯಾವ ಮನೆ ಎಂದು ತಿಳಿಯುವುದು ಎರಡನೆಯ ಪರೀಕ್ಷೆಯಿಂದಲೇ. ಥೈರಾಯ್ಡ್ ವರದಿಯಲ್ಲಿ ಇನ್ನೊಂದು ಸಂಗತಿ ಗಮನಿಸಿ. ಕೆಲವು ಪ್ರಯೋಗಾಲಯಗಳು ಪೂರ್ಣರಕ್ತದ ಲೆಕ್ಕದಲ್ಲಿ, ಕೆಲವು ಸೀರಂ (ರಕ್ತಕಣ ಬೇರ್ಪಡಿಸಿದ ತಿಳಿ) ಲೆಕ್ಕದಲ್ಲಿ ಟಿಎಸ್‌ಎಚ್ ಅಂಕಿ ಕೊಡುತ್ತವೆ. ಪೂರ್ಣರಕ್ತದ 10 ಎಂಬುದು ಸೀರಂನಲ್ಲಿ ಸುಮಾರು 22. ಸೀರಂ ಲೆಕ್ಕದಲ್ಲಿ 20 ದಾಟಿದರೆ ಮತ್ತೆ ನೋಡಬೇಕು, 40 ದಾಟಿದರೆ ಅಂದೇ ಕೂಸನ್ನು ಕರೆಸಬೇಕು. ಕಾಯಿಲೆ ಖಚಿತವಾದರೆ ಥೈರಾಯ್ಡ್ ಹಾರ್ಮೋನಾದ ಥೈರಾಕ್ಸಿನ್ ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ 10ರಿಂದ 15 ಮೈಕ್ರೋಗ್ರಾಂ, ಅಂದರೆ ಮೂರು ಕಿಲೋ ಕೂಸಿಗೆ 30ರಿಂದ 45. ಮಾತ್ರೆಯನ್ನು ಎರಡು ಚಮಚದ ನಡುವೆ ಪುಡಿಮಾಡಿ, ತುಸು ಎದೆಹಾಲಿನಲ್ಲಿ ಕಲಸಿ, ಒಳಲೆಯಲ್ಲಿ ಆಗಲೇ ಕುಡಿಸಬೇಕು. ಬಾಟಲಿ ತುಂಬ ಹಾಲಿಗೆ ಹಾಕಿದರೆ ಕೂಸು ಬಿಟ್ಟ ಹಾಲಿನಲ್ಲಿ ಔಷಧವೂ ಉಳಿಯುತ್ತದೆ. ಕಬ್ಬಿಣ, ಕ್ಯಾಲ್ಸಿಯಂ ಹನಿಗಳನ್ನು ಅದರ ಜೊತೆಗೆ ಕೊಡಬಾರದು.

ಜಿ6ಪಿಡಿ ಕೊರತೆ ಇರುವ ಕೂಸಿನ ಮನೆಯಲ್ಲಿ ಒಂದು ವಸ್ತು ಖಂಡಿತ ಇರಬಾರದು, ಡಾಂಬರು ಗುಳಿಗೆ (ನ್ಯಾಫ್ತಲೀನ್). ಕೂಸಿಗೆ ಸುತ್ತಲು ಅಜ್ಜಿಯ ಹಳೆಯ ನೂಲಿನ ಸೀರೆಗಳನ್ನು ಟ್ರಂಕಿನಿಂದ ತೆಗೆಯುವುದು ನಮ್ಮ ರೂಢಿ. ಆ ಟ್ರಂಕಿನಲ್ಲಿ ಗುಳಿಗೆ ಇಟ್ಟಿದ್ದರೆ ಆ ಬಟ್ಟೆ ಬೇಡ. ಅದರ ಆವಿಯಿಂದಲೇ ಕೆಂಪುರಕ್ತಕಣ ಒಡೆದು ಕಾಮಾಲೆ ವಿಪರೀತಕ್ಕೆ ಹೋಗಬಹುದು.

1990ರ ದಶಕದಲ್ಲಿ ಬಂದ ಟ್ಯಾಂಡಮ್ ಮಾಸ್ ಸ್ಪೆಕ್ಟ್ರೋಮೀಟರ್ ಎಂಬ ಯಂತ್ರ ಒಂದೇ ಬಿಲ್ಲೆಯಿಂದ ಎರಡು ಮೂರು ನಿಮಿಷದಲ್ಲಿ ನಲವತ್ತಕ್ಕೂ ಹೆಚ್ಚು ಕಾಯಿಲೆಗಳ ಸುಳಿವು ಕೊಡುತ್ತದೆ. ಅದು ಹುಡುಕುವುದು ಅಮೈನೋ ಆಮ್ಲ ಮತ್ತು ಕೊಬ್ಬು, ಪ್ರೋಟೀನ್ ಒಡೆಯುವಾಗ ಹುಟ್ಟುವ ಅಸೈಲ್‌ಕಾರ್ನಿಟಿನ್‌ಗಳನ್ನು. ಥೈರಾಯ್ಡ್, ಅಡ್ರಿನಲ್, ಜಿ6ಪಿಡಿ ಪರೀಕ್ಷೆಗಳು ಬೇರೆಯೇ. ಆದ್ದರಿಂದ 'ನಲವತ್ತು ಕಾಯಿಲೆಗಳ ಪ್ಯಾಕೇಜ್' ಎಂದಾಗ ಅದರಲ್ಲಿ ಥೈರಾಯ್ಡ್ ಇದೆಯೇ ಎಂದು ಮೊದಲು ಕೇಳಿ. ಸಸ್ಯಾಹಾರಿ ಮನೆಗಳವರಿಗೆ ಒಂದು ಮಾತು: ಈ ವರದಿಯಲ್ಲಿ ಸಿ3 ಎಂಬ ಅಂಕಿ ಹೆಚ್ಚು ಬಂದರೆ ಮೀಥೈಲ್‌ಮಲೋನಿಕ್ ಆಸಿಡೀಮಿಯ ಎಂಬ ಚಯಾಪಚಯದ ಕಾಯಿಲೆಯ ಅನುಮಾನ ಹುಟ್ಟುತ್ತದೆ. ಆದರೆ ತಾಯಿಗೆ ಸಸ್ಯಾಹಾರಿಗಳಲ್ಲಿ ಹೆಚ್ಚಾಗಿ ಕಾಣುವ ಬಿ12 ಜೀವಸತ್ವದ ಕೊರತೆಯಿದ್ದರೂ ಕೂಸಿನಲ್ಲಿ ಅದು ಏರುತ್ತದೆ. ತಾಯಿಯ ಬಿ12 ಅನ್ನೂ ಜೊತೆಗೇ ನೋಡಿಸಿ. ಕೊರತೆ ಅದೇ ಆಗಿದ್ದರೆ ಇಬ್ಬರಿಗೂ ಸುಲಭ ಚಿಕಿತ್ಸೆಯಿದೆ.

ಮುಂದಿನ ಹೆಜ್ಜೆ ನೇರವಾಗಿ ಡಿಎನ್‌ಎ ಓದುವುದು. ಇಂಗ್ಲೆಂಡಿನಲ್ಲಿಯೂ ನ್ಯೂಯಾರ್ಕಿನಲ್ಲಿಯೂ ತಲಾ ಒಂದು ಲಕ್ಷ ಶಿಶುಗಳ ಗುರಿಯಿಟ್ಟು ಇಂಥ ಅಧ್ಯಯನಗಳು ನಡೆಯುತ್ತಿವೆ. ಸ್ಪೈನಲ್ ಮಸ್ಕ್ಯುಲರ್ ಅಟ್ರೋಫಿ ಎಂಬ ಸ್ನಾಯು ಸೊರಗುವ ಕಾಯಿಲೆಯಲ್ಲಿ ಇದರ ಲಾಭ ಸ್ಪಷ್ಟ: ಸ್ನಾಯು ಸೋಲುವ ಮೊದಲೇ ಔಷಧ ಸಿಕ್ಕ ಹೆಚ್ಚಿನ ಮಕ್ಕಳು ಎದ್ದು ನಡೆಯುತ್ತಾರೆ. ಆದರೆ ಜೀನ್ ಚಿಕಿತ್ಸೆಯ ಬೆಲೆ ಹಲವು ಕೋಟಿ. 2021ರ ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿಯಡಿ ಸಿಗುವ ನೆರವಿನ ಮಿತಿ 50 ಲಕ್ಷ ರೂಪಾಯಿ, ಅದೂ ಮುಂಬಯಿಯ ಕೆಇಎಂ ಆಸ್ಪತ್ರೆಯಂಥ ಗೊತ್ತುಮಾಡಿದ ಕೇಂದ್ರಗಳ ಮೂಲಕ. ಜೊತೆಗೆ, ಡಿಎನ್‌ಎಯಲ್ಲಿ ಕಂಡ ಬದಲಾವಣೆ ಕಾಯಿಲೆಯದೋ ಅಲ್ಲವೋ ಎಂದು ಹೇಳಲು ಬೇಕಾದ ಮಾಹಿತಿಕೋಶಗಳಲ್ಲಿ ಭಾರತೀಯರ ಪಾಲು ತೀರ ಕಡಿಮೆ. ಆರೋಗ್ಯವಾಗಿರುವ ಕೂಸಿನ ತಂದೆತಾಯಿಗೆ 'ಅರ್ಥ ಖಚಿತವಿಲ್ಲದ ಬದಲಾವಣೆ' ಎಂಬ ವರದಿ ಕೊಟ್ಟು ಕಳಿಸುವುದು ಅನ್ಯಾಯ. ಸಾವಿರ ಜೀನ್ ಓದುವ ಉತ್ಸಾಹಕ್ಕಿಂತ ಮೊದಲು ಥೈರಾಯ್ಡ್, ಅಡ್ರಿನಲ್, ಜಿ6ಪಿಡಿ ಈ ಮೂರು ಪ್ರತಿ ಸರ್ಕಾರಿ ಹೆರಿಗೆ ಆಸ್ಪತ್ರೆಯಲ್ಲಿ ಪುಕ್ಕಟೆಯಾಗಿ ನಡೆಯಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಕೊನೆಗೆ ರಕ್ತಸಂಬಂಧದ ಮದುವೆ. ಇಂಥ ಕಾಯಿಲೆಗಳಲ್ಲಿ ಹೆಚ್ಚಿನವು ಬರುವುದು ತಂದೆ ತಾಯಿ ಇಬ್ಬರೂ ಅದೇ ಕೆಟ್ಟ ಜೀನಿನ ಒಂದೊಂದು ಪ್ರತಿ ಹೊತ್ತಿದ್ದಾಗ; ರಕ್ತಸಂಬಂಧಿಗಳಲ್ಲಿ ಹಾಗಾಗುವ ಸಾಧ್ಯತೆ ಹೆಚ್ಚು. ಇಬ್ಬರಿಗೂ ಏನೂ ಕಾಯಿಲೆಯಿರುವುದಿಲ್ಲ, ಪ್ರತಿ ಬಸಿರಲ್ಲೂ ನಾಲ್ಕರಲ್ಲಿ ಒಂದು ಅಪಾಯವಿರುತ್ತದೆ. ಸೊಸೆಯ ಕಾಲ್ಗುಣ, ಗ್ರಹಚಾರ ಎಂದು ಯಾರನ್ನೂ ದೂರಬೇಡಿ. ಇಂಥ ಮನೆಯಲ್ಲಿ ಕೂಸೊಂದು ಕಾರಣ ತಿಳಿಯದೆ ತೀರಿಕೊಳ್ಳುವ ಸ್ಥಿತಿಯಲ್ಲಿದ್ದರೆ, ಆ ಸಂಕಟದಲ್ಲೂ ವೈದ್ಯರನ್ನು ಒಂದು ಕೇಳಿ: ಫಿಲ್ಟರ್ ಪೇಪರಿನ ಮೇಲೆ ರಕ್ತ ತೆಗೆದಿಡಿ, ಡಿಎನ್‌ಎಗೆಂದು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಟ್ಯೂಬಿನಲ್ಲಿ ಎರಡು ಮಿಲಿಲೀಟರ್ ರಕ್ತವನ್ನೂ ಇಡಿ. ಅದರಿಂದ ಕಾಯಿಲೆಯ ಜೀನ್ ಗೊತ್ತಾದರೆ, ಮುಂದಿನ ಬಸಿರಿನಲ್ಲಿ ಹನ್ನೊಂದರಿಂದ ಹದಿಮೂರನೆಯ ವಾರದೊಳಗೆ ಮಾಸಿನ (ಪ್ಲಸೆಂಟಾದ) ತುಣುಕು ತೆಗೆದು ಪರೀಕ್ಷಿಸಬಹುದು. ಅದಕ್ಕಾಗಿ ಮತ್ತೆ ಬಸಿರಾಗುವ ಮೊದಲೇ ಜೆನೆಟಿಕ್ಸ್ ವಿಭಾಗಕ್ಕೆ ಹೋಗಬೇಕು. ಜೀನ್ ವರದಿ ಕೈಗೆ ಬರಲು ವಾರಗಳೇ ಹಿಡಿಯುತ್ತವೆ. ನಮಸ್ಕಾರ.